ಮೂರು ಡಿಗ್ರಿ

"ಮೇಡಂ, ಮೊನ್ನೆ 98 ಇತ್ತು, ಇವತ್ತು 95. ಇಷ್ಟು ದಿನ ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ?"

ನನ್ನ ಹತ್ತಿರ ಫಿಸಿಯೋಥೆರಪಿಗೆ ಬರುವ ಅಮ್ಮ ಒಬ್ಬರು ಬುಧವಾರ ಕೇಳಿದ ಈ ಮಾತು ಇನ್ನೂ ಕಿವಿಯಲ್ಲಿದೆ. ಅವರ ಮೊಣಕೈ ಮೂಳೆ ಮುರಿದಿತ್ತು, ಪ್ಲಾಸ್ಟರ್ ಬಿಚ್ಚಿ ಐದು ವಾರ. ಕೈ ಎಷ್ಟು ಡಿಗ್ರಿ ಮಡಚುತ್ತದೆ ಎಂದು (ನೆಟ್ಟಗೆ ಚಾಚಿದ ಕೈ ಸೊನ್ನೆ) ಮಗ ದಿನಾ ಮೊಬೈಲ್ ಆ್ಯಪ್ ಇಟ್ಟು ಕೋನ ಅಳೆದು ಬರೆದಿಡುತ್ತಾನೆ. ಕಾಳಜಿಯ ಹುಡುಗ. ಆದರೆ ಅಮ್ಮನ ಧೈರ್ಯ ಕುಂದಿಸುತ್ತಿರುವುದೂ ಅದೇ ಲೆಕ್ಕ.

ಪಳಗಿದ ಕೈ ಗೋನಿಯೋಮೀಟರ್ (ಕೀಲಿನ ಕೋನ ಅಳೆಯುವ ಸಾಧನ) ಹಿಡಿದರೂ ಸುಮಾರು 5 ಡಿಗ್ರಿ ಆಚೀಚೆ ಆಗುತ್ತದೆ. ಶಾಖದ ನಂತರ ಹೆಚ್ಚು ತೋರಿಸುತ್ತದೆ, ಬೆಳಿಗ್ಗೆ ಎದ್ದ ಕೂಡಲೇ ಕಡಿಮೆ. 98, 95 ಎರಡೂ ಒಂದೇ ಮೊಣಕೈ! ಹದಿನೈದು ದಿನಕ್ಕೊಮ್ಮೆ, ಅದೇ ಹೊತ್ತಿಗೆ, ಒಬ್ಬರೇ ಅಳೆದರೆ ಸಾಕು.

ನನಗೆ ಭಯವಾದದ್ದು ಮುಂದಿನ ಮಾತಿಗೆ. 95 ನೋಡಿ ಹೆದರಿ, ನೆಂಟರು ಹೇಳಿದರೆಂದು ಎಣ್ಣೆ ಹಚ್ಚಿಸಿ ಕೈ ಮಡಚಿಸಿಕೊಳ್ಳಲು ಹೊರಟಿದ್ದರು. ಮೊಣಕೈಯನ್ನು ಬೇರೆಯವರು ಜಗ್ಗಿ ಮಡಚಲೇಬಾರದು. ಬಲವಂತಕ್ಕೆ ಸ್ನಾಯು ಊದುತ್ತದೆ, ಕೆಲವೊಮ್ಮೆ ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಬಿಗಿದುಕೊಳ್ಳುತ್ತದೆ. ಇಂಥ ಸಲಹೆ ಕೊಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಅವರಿಗೆ ಹೇಳಿಕೊಟ್ಟದ್ದು ಇಷ್ಟೇ. ಹತ್ತು ನಿಮಿಷ ಬಿಸಿನೀರಿನ ಶಾಖ. ಆಮೇಲೆ ಮಲಗಿ, ತೋಳಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ತಮ್ಮ ಬಲದಿಂದಲೇ ಮಡಚಿ ಐದು ಎಣಿಸುವುದು, ಅಷ್ಟೇ ನಿಧಾನವಾಗಿ ಕೈ ಚಾಚುವುದು. ಹತ್ತು ಸಲ, ದಿನಕ್ಕೆ ನಾಲ್ಕು ಹೊತ್ತು. ಅಂಗೈ ಮೇಲೆ ಕೆಳಗೆ ತಿರುಗಿಸಲು ಅಡುಗೆಮನೆಯ ಸಟ್ಟುಗ ಸಾಕು: ಹಿಡಿಯ ತುದಿ ಹಿಡಿದರೆ ಭಾರ, ನಡುವೆ ಹಿಡಿದರೆ ಹಗುರ. ಎಳೆತ ಇರಲಿ, ಆದರೆ ನೋವು ಒಂದು ಗಂಟೆಯೊಳಗೆ ಇಳಿಯಬೇಕು. ಮರುದಿನ ಬೆಳಿಗ್ಗೆ ಊದಿದ್ದರೆ ಹಿಂದಿನ ದಿನದ್ದು ಜಾಸ್ತಿಯಾಗಿದೆ ಎಂದರ್ಥ. ಆಗ ಅರ್ಧಕ್ಕಿಳಿಸಬೇಕು, ಪೂರ್ತಿ ನಿಲ್ಲಿಸಬಾರದು. ಸುಮ್ಮನಿಟ್ಟ ಕೀಲು ಮತ್ತೆ ಬಿಗಿಯುತ್ತದೆ. ಬೆರಳು, ಭುಜ ಆಡಿಸುವುದನ್ನು ಹಲವರು ಮರೆಯುತ್ತಾರೆ, ಅವೂ ಬಿಗಿದರೆ ಕೆಲಸ ಎರಡರಷ್ಟು.

"ಧೈರ್ಯವಾಗಿರಿ" ಎನ್ನುವ ಬರಿ ಮಾತು ಈ ತಿಂಗಳುಗಟ್ಟಲೆ ದಾರಿಗೆ ಸಾಲದು. ದಿನದ ಹೆಚ್ಚಿನ ಕೆಲಸಗಳಿಗೆ ಮೊಣಕೈ 30ರಿಂದ 130 ಡಿಗ್ರಿವರೆಗೆ ಆಡಿದರೆ ನಡೆಯುತ್ತದೆ. ಹಾಗಾಗಿ ಮಗನ ಪುಸ್ತಕದಲ್ಲಿ ಡಿಗ್ರಿ ಬಿಟ್ಟು ಕೆಲಸಗಳನ್ನೇ ಬರೆಸಿದೆ: ಚಿಲಕ ತೆಗೆಯುವುದು, ಸೊಪ್ಪು ಬಿಡಿಸುವುದು, ತುತ್ತು, ಹಣೆಗೆ ಕುಂಕುಮ, ಜಡೆ. ಮೊದಲ ಎರಡಕ್ಕೆ ಅಲ್ಲೇ ಗುರುತು ಬಿತ್ತು.

ಶನಿವಾರ ಬಂದಾಗ, "ಕತ್ತು ಬಗ್ಗಿಸಿಕೊಂಡೇ ಉಂಡೆ ಮೇಡಂ, ನಾಲ್ಕು ತುತ್ತು. ಆಮೇಲೆ ಸುಸ್ತಾಗಿ ಚಮಚ ಹಿಡಿದೆ. ಇದನ್ನ ಬರೆಯೋದಾ ಬೇಡ್ವಾ?" ಎಂದರು.

ನಾಲ್ಕು ಅಂತಲೇ ಬರೀರಿ ಅಮ್ಮಾ, ಅಂದೆ.