ಸಮುದಾಯ ಕಾಲೇಜಿನಲ್ಲಿ ಸಾಧನೆಯ ಪಾಠ

ಎಸ್ಸೆಸ್ಸೆಲ್ಸಿಯಲ್ಲಿ √2 ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸಿದವರು ನಾವು. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಓರಣವಾಗಿ ಬರೆದು ಅಂಕ ಪಡೆದವರು. ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜೊಂದರಲ್ಲಿ ಸಂಜೆ ಗಣಿತ ಕಲಿಸುವ ನನಗೆ, ಇಲ್ಲಿನ ಮಕ್ಕಳ ಕೈಗೆ ಈ ಸಾಧನೆ, ಅಂದರೆ ಪ್ರೂಫ್, ಎಷ್ಟು ತಡವಾಗಿ ಸಿಗುತ್ತದೆ ಎಂಬುದೇ ಚಿಂತೆ.

ಈ ರಾಜ್ಯದಲ್ಲಿ ಇಂಥ 116 ಕಾಲೇಜುಗಳಿವೆ. ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ (ಕೋರ್ಸಿನ ಕ್ರೆಡಿಟ್ ಅಳತೆ) 46 ಡಾಲರ್ ಶುಲ್ಕ. ಎರಡು ವರ್ಷ ಇಲ್ಲಿ ಓದಿ, ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಗೋದಾಮಿನಲ್ಲಿ ಪಾಳಿ ಮುಗಿಸಿ ಬರುವವರು, ಮಗುವನ್ನು ಅಜ್ಜಿಯ ಬಳಿ ಬಿಟ್ಟು ಬರುವವರು ನನ್ನ ತರಗತಿಯಲ್ಲಿದ್ದಾರೆ. ಕಲನಶಾಸ್ತ್ರ, ಅವಕಲ ಸಮೀಕರಣ ಎಲ್ಲವನ್ನೂ ಚೆನ್ನಾಗಿಯೇ ಕಲಿಯುತ್ತಾರೆ. ಆದರೆ ಅವೆಲ್ಲ ಬಹುಪಾಲು ಲೆಕ್ಕ ಬಿಡಿಸುವ ವಿದ್ಯೆ. ಸಾಧನೆ ಬರೆಯಲು ಕಲಿಸುವ ಕೋರ್ಸು ಅನೇಕ ಕಡೆ ವಿಶ್ವವಿದ್ಯಾಲಯದ ಮೇಲಿನ ಹಂತದಲ್ಲಿದೆ. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅದರ ಸಂಖ್ಯೆ 109; ಅಲ್ಲಿ ನೂರು ದಾಟಿದ ಸಂಖ್ಯೆ ಎಂದರೆ ಮೇಲಿನ ಹಂತ, ಅಂಥ ಕೋರ್ಸುಗಳನ್ನು ನಾವು ಕಲಿಸುವಂತಿಲ್ಲ. ಹೀಗಾಗಿ ನಮ್ಮವರು ಹೊಸ ಊರು, ಹೊಸ ಬಾಡಿಗೆ, ಹತ್ತು ವಾರದ ಅವಸರದ ಕ್ವಾರ್ಟರ್ ಎಂಬ ಪಾಠದ ಅವಧಿ ಇವುಗಳ ನಡುವೆ ಮೊದಲ ಸಲ ಸಾಧನೆಗೆ ಕೂರುತ್ತಾರೆ.

ಕಷ್ಟ ಎಲ್ಲಿದೆ ಎಂದು ಒಂದು ಉದಾಹರಣೆ ಹೇಳುತ್ತೇನೆ. ಎರಡು ಬೆಸ ಸಂಖ್ಯೆಗಳ ಮೊತ್ತ ಸಮ ಸಂಖ್ಯೆ ಎಂದು ಸಾಧಿಸಲು ಕೊಟ್ಟಿದ್ದೆ. ಕಲನಶಾಸ್ತ್ರದಲ್ಲಿ ಬಹಳ ಚುರುಕಾಗಿದ್ದ ಹುಡುಗನೊಬ್ಬ ಎರಡನ್ನೂ 2ಕ+1 ಎಂದೇ ಬರೆದ. ಕೂಡಿದರೆ 4ಕ+2, ಸಮ ಸಂಖ್ಯೆಯೇ. ತಪ್ಪೆಲ್ಲಿದೆ ಎಂದು ಅವನಿಗೆ ಹೊಳೆಯಲಿಲ್ಲ. 'ನಿನ್ನ ಸಾಧನೆಯಲ್ಲಿ 3ಕ್ಕೆ 7 ಕೂಡಿಸಿ ತೋರಿಸು' ಎಂದೆ. ತುಂಬ ಹೊತ್ತು ಹಾಳೆ ನೋಡಿದ. ಒಂದೇ ಅಕ್ಷರ ಎಂದರೆ ಒಂದೇ ಸಂಖ್ಯೆ. ಅವನು ಸಾಧಿಸಿದ್ದು 3 ಮತ್ತು 3, 7 ಮತ್ತು 7 ಇಂಥ ಜೋಡಿಗಳಿಗೆ ಮಾತ್ರ. ಎರಡನೆಯದನ್ನು 2ಗ+1 ಎಂದು ತಿದ್ದಿದ, ಮೊತ್ತ 2(ಕ+ಗ+1) ಆಯಿತು. ಉತ್ತರ ಸರಿಯಿದ್ದೂ ವಾದ ಸಾಲದೆ ಹೋಗಬಹುದು ಎಂಬುದನ್ನು ಅರಗಿಸಿಕೊಳ್ಳಲು ವಾರಗಳೇ ಬೇಕು. ಪಕ್ಕದಲ್ಲಿ ಕೂತು ತಿದ್ದುವವರು ಬೇಕು. ತರಗತಿಗಳು ಚಿಕ್ಕದಾಗಿರುವ ನಮ್ಮಲ್ಲಿ ಅದು ಸಾಧ್ಯ; ಇನ್ನೂರು ಜನರ ಸಭಾಂಗಣದಲ್ಲಿ ಸಾಧ್ಯವಿಲ್ಲ.

ಸಾಧನೆಗೆಂದೇ ನಮ್ಮ ಹಂತದಲ್ಲಿ ಪ್ರತ್ಯೇಕ ಕೋರ್ಸು ತೆರೆದರೆ ಸಾಕಷ್ಟು ಜನ ಸೇರುವುದಿಲ್ಲ, ಸೇರದಿದ್ದರೆ ರದ್ದು ಎನ್ನುತ್ತಾರೆ ಕಾಲೇಜಿನವರು. ಇರಲಿ. ಲೀನಿಯರ್ ಆಲ್ಜೀಬ್ರಾ ಕೋರ್ಸು ನಮ್ಮಲ್ಲಿ ಹೇಗೂ ಇದೆ. ಅದರಲ್ಲಿ ವೆಕ್ಟರ್ ಸ್ಪೇಸ್ ಎಂಬ ಅಮೂರ್ತ ವಿಷಯ ಬಂದಾಗ ಸಾಧನೆ ತಾನಾಗಿ ಬರುತ್ತದೆ. ಅಲ್ಲಿ ಮೊದಲ ಮೂರು ವಾರ ಬರೀ ಸಾಧನೆ ಬರೆಯುವುದಕ್ಕೇ ಕೊಡಿ ಎಂದು ವಿಭಾಗದ ಸಭೆಯಲ್ಲಿ ಕೇಳಿದ್ದೇನೆ.