ಕರುಣೆಗೆ ಸಮಯವೆಲ್ಲಿ ಎಂದು ಕೇಳುವವರಿಗೆ

ನಾನು ತುರ್ತು ಚಿಕಿತ್ಸಾ ಘಟಕದಲ್ಲಿ ನರ್ಸ್ ಎಂದು ಗೊತ್ತಾಗುವುದೇ ತಡ, ಈ ಪ್ರಶ್ನೆ ಬರುತ್ತದೆ: "ಹೃದಯಾಘಾತದ ರೋಗಿ ಬಂದಾಗ ಅಷ್ಟೊಂದು ಧಾವಂತವಿರುತ್ತದೆ, ಕರುಣೆಗೆ ಸಮಯವೆಲ್ಲಿ?"

ಕೇಳುವವರ ಲೆಕ್ಕದಲ್ಲಿ ಕರುಣೆಯೆಂದರೆ ಇಂಜೆಕ್ಷನ್ ಕೊಟ್ಟಾದ ಮೇಲೆ ಕೈ ತೊಳೆದು, ಕುರ್ಚಿ ಎಳೆದುಕೊಂಡು ಕುಳಿತು ಮಾಡುವ ಕೆಲಸ. ಆ ಕುರ್ಚಿಯನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ರೋಗಿ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡಿದ್ದರೆ 90 ನಿಮಿಷದೊಳಗೆ ಅದರೊಳಗೆ ಸಣ್ಣ ಬಲೂನು ತೂರಿಸಿ ತೆರೆಯುವುದು (ಆಂಜಿಯೋಪ್ಲಾಸ್ಟಿ) ಗುರಿ. ಇಂಥದ್ದೇ ಗಡಿಬಿಡಿಯಲ್ಲಿ ಒಮ್ಮೆ ನಿವೃತ್ತ ಮೇಷ್ಟರೊಬ್ಬರು ಹಾಸಿಗೆಯಿಂದ ಏಳಲು ನೋಡುತ್ತಲೇ ಇದ್ದರು. "ಅಲುಗಾಡಬೇಡಿ, ಮಲಗಿ ಸರ್" ಎಂದು ಮೂವರು ಮೂರು ಕಡೆಯಿಂದ ಗದರುತ್ತಿದ್ದೆವು. ನಾಡಿ ನಿಮಿಷಕ್ಕೆ 128ಕ್ಕೆ ಏರಿತ್ತು. ಗಾಬರಿಯೆಂದು ತೀರ್ಮಾನಿಸಿ ಅದಕ್ಕೂ ಒಂದು ಔಷಧ ಕೊಡುವ ಮಾತು ನಡೆದಿತ್ತು. ಎದೆಗೆ ಇಸಿಜಿ ಪಟ್ಟಿ ಅಂಟಿಸುತ್ತಲೇ ಬಗ್ಗಿ ಕೇಳಿದೆ: "ಏನಾಗಬೇಕು, ಹೇಳಿ." ಅವರು ಕಣ್ಣು ಮುಚ್ಚಿಕೊಂಡು ಹೇಳಿದರು: "ಮೂತ್ರಕ್ಕೆ ಹೋಗಬೇಕಮ್ಮ."

ಇಷ್ಟೇ. ಪರದೆ ಎಳೆದು, ಪಾತ್ರೆ ಕೊಟ್ಟು, ಮುಖ ಆಚೆ ತಿರುಗಿಸಿ ನಿಂತೆ. ಸ್ವಲ್ಪ ಹೊತ್ತಿಗೆ ನಾಡಿ 104ಕ್ಕೆ ಇಳಿಯಿತು. ಬಡಿತ ಏರಿದಷ್ಟೂ ಹೃದಯದ ಸ್ನಾಯು ಹೆಚ್ಚು ಆಮ್ಲಜನಕ ಬೇಡುತ್ತದೆ. ಅದು ಬರುವ ದಾರಿಯೇ ಕಟ್ಟಿಕೊಂಡಿದೆ. ಈಗ ಇದರಲ್ಲಿ ಕರುಣೆ ಎಷ್ಟು, ಚಿಕಿತ್ಸೆ ಎಷ್ಟು, ಬಿಡಿಸಿ ಹೇಳಿ ನೋಡೋಣ. (ಮುಖ ತಿರುಗಿಸಿ ನಿಂತದ್ದಕ್ಕೆ ದಾಖಲೆಯ ಹಾಳೆಯಲ್ಲಿ ಜಾಗವಿಲ್ಲ. ಮೂತ್ರಕ್ಕೆ ಇದೆ: 450 ಮಿಲಿ ಎಂದು ಬರೆದೆ.)

"ನಿಮಗೆ ಎಲ್ಲ ಅಭ್ಯಾಸವಾಗಿರುತ್ತದೆ ಬಿಡಿ" ಎನ್ನುವವರೂ ಇದ್ದಾರೆ. ಹೌದು, ಆಗಿದೆ. ಅಭ್ಯಾಸವಾಗದ ಕೈ ನಡುಗುತ್ತದೆ. ನಡುಗುವ ಕೈಗೆ ರಕ್ತನಾಳ ಸಿಗುವುದಿಲ್ಲ. ನಿಮಗೆ ಯಾವುದು ಬೇಕು?

ಸಮಯದ ಬಗ್ಗೆ ಅಷ್ಟೊಂದು ಚಿಂತೆಯಿರುವವರು ಒಬ್ಬರಾದರೂ "ಒಂದು ಪಾಳಿಯಲ್ಲಿ ನಿಮ್ಮ ಪಾಲಿಗೆ ಎಷ್ಟು ಹಾಸಿಗೆ?" ಎಂದು ಕೇಳಬಾರದೇ? ಎರಡಿದ್ದರೆ ನಾನು ಬಹಳ ಒಳ್ಳೆಯವಳು. ಆರು ಹಾಸಿಗೆಯಿದ್ದ ಒಂದು ರಾತ್ರಿ, ಹೃದಯ ಸೋತು ಮಲಗಿದ್ದ ಅಜ್ಜಿಯೊಬ್ಬರು, "ತುಟಿ ಒಣಗಿದೆ, ಒದ್ದೆ ಹತ್ತಿ ಸವರು ಮಗಳೇ" ಎಂದರು. ಸೋತ ಹೃದಯಕ್ಕೆ ಹೊರೆಯಾಗದಂತೆ ಅವರಿಗೆ ನೀರನ್ನು ಅಳೆದು ಕೊಡಬೇಕಿತ್ತು, ಹತ್ತಿಗೆ ಅಡ್ಡಿಯಿರಲಿಲ್ಲ. "ಬಂದೆ ಅಜ್ಜಿ" ಎಂದೆ. ಹತ್ತಿ ಹಿಡಿದು ಬರುವಷ್ಟರಲ್ಲಿ 40 ನಿಮಿಷ ಕಳೆದಿತ್ತು. ಅವರು ಕೇಳುವುದನ್ನು ಬಿಟ್ಟು ಗೋಡೆಯ ಕಡೆ ತಿರುಗಿದ್ದರು.