ಫೆನಿಟಾಯಿನ್: 100 ಮಿ.ಗ್ರಾಂ ಏರಿಸುವ ಮುಂಚೆ

ಫಿಟ್ಸ್ ಬಂದಾಗ ಮಿದುಳಿನ ಒಂದಷ್ಟು ನರಕೋಶಗಳು ಬಿಡುವಿಲ್ಲದೆ ಒಟ್ಟೊಟ್ಟಿಗೆ ಸಿಡಿಯುತ್ತಿರುತ್ತವೆ, ಅಂದರೆ ವಿದ್ಯುತ್ ಸಂಕೇತ ಹೊರಡಿಸುತ್ತಿರುತ್ತವೆ. ಪ್ರತಿ ಸಿಡಿತಕ್ಕೂ ಕೋಶದ ಸೋಡಿಯಂ ಚಾನಲ್ (ಸೋಡಿಯಂ ಒಳಬರುವ ಸೂಕ್ಷ್ಮ ದ್ವಾರ) ತೆರೆಯಬೇಕು. ತೆರೆದ ಮೇಲೆ ಅದು ಕ್ಷಣಕಾಲ ನಿಷ್ಕ್ರಿಯವಾಗುತ್ತದೆ. ಫಿಟ್ಸ್ ತಡೆಯುವ ಔಷಧ ಫೆನಿಟಾಯಿನ್ ಅಂಟಿಕೊಳ್ಳುವುದು ಈ ನಿಷ್ಕ್ರಿಯ ಸ್ಥಿತಿಗೆ. ಚಾನಲ್ ಚೇತರಿಸಿಕೊಳ್ಳುವುದು ಅದರಿಂದ ತಡವಾಗುತ್ತದೆ. ಹಾಗಾಗಿ ಅತಿವೇಗದಲ್ಲಿ ಸಿಡಿಯುವ ಕೋಶಕ್ಕೇ ಹೆಚ್ಚು ಕಡಿವಾಣ. 1938ರಲ್ಲಿ ಅಮೆರಿಕದ ವೈದ್ಯರಾದ ಮೆರಿಟ್ ಮತ್ತು ಪಟ್ನಮ್ ಇದರ ಉಪಯೋಗ ತೋರಿಸಿದಾಗ ಈ ಚಾನಲ್‌ಗಳ ವಿಚಾರ ಯಾರಿಗೂ ತಿಳಿದಿರಲಿಲ್ಲ!

ತಾಪತ್ರಯ ಇರುವುದು ಲಿವರ್‌ನಲ್ಲಿ. ಈ ಔಷಧವನ್ನು ಒಡೆಯುವ ಕಿಣ್ವಗಳ ಸಾಮರ್ಥ್ಯ ಚಿಕಿತ್ಸೆಯ ಮಟ್ಟದಲ್ಲೇ (ರಕ್ತದಲ್ಲಿ ಮಿ.ಲೀ.ಗೆ 10–20 ಮೈಕ್ರೋಗ್ರಾಂ) ಮುಗಿಯುತ್ತ ಬರುತ್ತದೆ. ಆಗ ದಿನಕ್ಕೆ 300 ಇದ್ದದ್ದನ್ನು 400 ಮಿ.ಗ್ರಾಂ ಮಾಡಿದರೆ ರಕ್ತದ ಮಟ್ಟ ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. ಕಣ್ಣುಗುಡ್ಡೆ ಅದುರುವುದು, ತೂರಾಡುವ ನಡಿಗೆ, ತೊದಲು ಶುರುವಾಗುತ್ತವೆ. ಇದನ್ನೇ ಕಾಯಿಲೆ ಹೆಚ್ಚಾಯಿತೆಂದು ತಿಳಿದು ಇನ್ನೊಂದು ಮಾತ್ರೆ ಕೊಟ್ಟರೆ ಕೆಟ್ಟಿತು. ಚಿಕಿತ್ಸೆಯ ಮಟ್ಟ ತಲುಪಿದ ಮೇಲೆ ವೈದ್ಯರು 25–50 ಮಿ.ಗ್ರಾಂ ಮಾತ್ರ ಏರಿಸುವುದು ಅದಕ್ಕೇ; ಹೊಸ ಮಟ್ಟ ನೆಲೆಗೊಳ್ಳಲು ಎರಡು ಮೂರು ವಾರ ಬೇಕು. ಪರೀಕ್ಷೆಗೆ ರಕ್ತ ಕೊಡಬೇಕಾದದ್ದು ಮುಂದಿನ ಡೋಸ್‌ಗೆ ಮುಂಚೆ. ರಕ್ತದಲ್ಲಿ ಈ ಔಷಧವನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನ್ ಆದ ಆಲ್ಬುಮಿನ್ ಕಡಿಮೆಯಿದ್ದರೆ ವರದಿಯ ಅಂಕಿ ಸರಿಯಾಗಿ ಕಂಡರೂ ಮಿದುಳಿಗೆ ಸೇರುವ ಮುಕ್ತ ಪಾಲು ಹೆಚ್ಚಿರುತ್ತದೆ.

ಮಕ್ಕಳ ಸಸ್ಪೆನ್ಷನ್ (ಔಷಧದ ಕಣಗಳು ತಳಕ್ಕಿಳಿಯುವ ದ್ರವ) ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸದೆ ಕೊಟ್ಟರೆ ಮೊದಲ ದಿನಗಳಲ್ಲಿ ಔಷಧ ಸಾಲದು, ಬಾಟಲಿಯ ತಳಕ್ಕೆ ಬಂದಾಗ ಅತಿಯಾಗುತ್ತದೆ.